ಮುಖ ಯಾರದು, ದನಿ ಯಾರದು? ಕನ್ನಡ ಹಾಡಿನ ತೊಂಬತ್ತು ವರ್ಷ

2022ರ ನವೆಂಬರ್ 20ರಂದು ಅಲ್ ಖೋರ್‌ನ ಅಲ್ ಬೈತ್ ಕ್ರೀಡಾಂಗಣದಲ್ಲಿ ವಿಶ್ವಕಪ್ ಫುಟ್‌ಬಾಲ್ ಉದ್ಘಾಟನೆಯಾಯಿತು. ಕೊರಿಯಾದ ಬಿಟಿಎಸ್ ತಂಡದ ಜಂಗ್‌ಕುಕ್ ಅಲ್ಲಿ ‘ಡ್ರೀಮರ್ಸ್’ ಎಂಬ ಹಾಡನ್ನು ಹಾಡಿದ. ಅವನ ಜೊತೆಗೂಡಿದವರು ಕತಾರಿನವರೇ ಆದ ಗಾಯಕ ಫಹದ್ ಅಲ್ ಕುಬೈಸಿ. ನಮ್ಮ ಎಷ್ಟೋ ಮನೆಗಳಲ್ಲಿ ಆ ದಿನ ಮಕ್ಕಳು ಟಿವಿಯ ಮುಂದೆ ಕುಳಿತದ್ದು ಕತಾರ್ ಮತ್ತು ಈಕ್ವೆಡಾರ್ ನಡುವಿನ ಪಂದ್ಯಕ್ಕಲ್ಲ, ಆ ಒಂದು ಹಾಡಿಗೆ. ಹಿರಿಯರಿಗೆ ಸಹಜವಾಗಿಯೇ ಪ್ರಶ್ನೆ ಎದ್ದಿತು: ಈ ಸಂಭ್ರಮ ಹಾಡಿಗೋ, ಹುಡುಗನ ಮುಖಕ್ಕೋ? ಅದೇ ಹಾಡನ್ನು ಕಟ್ಟಿದವರಲ್ಲಿ ಒಬ್ಬರಾದ ಮೊರಾಕ್ಕೊ ಮೂಲದ ಸಂಗೀತ ನಿರ್ಮಾಪಕ ರೆಡ್‌ಒನ್ ಅವರ ಹೆಸರನ್ನು ಕೇಳಿದರೆ ಮಕ್ಕಳಲ್ಲಿ ಹೆಚ್ಚಿನವರು ತಲೆ ಅಲ್ಲಾಡಿಸುತ್ತಾರೆ.

ಇದು ಕೊರಿಯಾದಿಂದ ಬಂದ ಹೊಸ ಪ್ರಶ್ನೆಯೇನಲ್ಲ. ಹೊರನಾಡಿನ ಯಾವುದೇ ಕನ್ನಡ ಸಂಘದ ಕಾರ್ಯಕಾರಿ ಸಮಿತಿಯಲ್ಲೂ ರಾಜ್ಯೋತ್ಸವ ಹತ್ತಿರ ಬಂದಾಗ ಇದೇ ಚರ್ಚೆ ನಡೆಯುತ್ತದೆ. ಊರಿನಿಂದ ಯಾರನ್ನು ಕರೆಸುವುದು? ಸಿನಿಮಾ ನಟರು ಬಂದರೆ ಸಭಾಂಗಣ ತುಂಬುತ್ತದೆ, ಪ್ರಾಯೋಜಕರೂ ಸಿಗುತ್ತಾರೆ. ಒಳ್ಳೆಯ ಗಾಯಕರು ಬಂದರೆ ಹಾಡು ಸಿಗುತ್ತದೆ, ಆದರೆ ಹಿಂದಿನ ಸಾಲುಗಳು ಖಾಲಿ ಉಳಿಯುವ ಭಯ. ವರ್ಚಸ್ಸು ದೊಡ್ಡದೋ ಸಂಗೀತ ದೊಡ್ಡದೋ ಎಂಬುದು ಹೀಗೆ ನಮ್ಮ ಲೆಕ್ಕಪುಸ್ತಕದ ಪ್ರಶ್ನೆಯೂ ಹೌದು. ಇದಕ್ಕೆ ಕನ್ನಡ ಹಾಡಿನ ಚರಿತ್ರೆ ಏನು ಉತ್ತರ ಕೊಡುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ದನಿಗೊಂದು ಆಸನ

ನಾವು ಈಗಿರುವ ನೆಲದಿಂದಲೇ ಆರಂಭಿಸೋಣ. ತೈಲ ಬರುವ ಮುನ್ನ ಕತಾರಿನ ಜೀವನಾಧಾರ ಮುತ್ತು. ಬೇಸಿಗೆಯ ತಿಂಗಳುಗಟ್ಟಲೆ ಕಡಲಲ್ಲೇ ಇರುತ್ತಿದ್ದ ದೋಣಿಗಳಲ್ಲಿ ‘ನಹ್ಹಾಮ್’ ಎಂಬ ಹಾಡುಗಾರನಿರುತ್ತಿದ್ದ. ಹುಟ್ಟು ಹಾಕುವಾಗ, ಹಾಯಿ ಏರಿಸುವಾಗ, ಲಂಗರು ಎಳೆಯುವಾಗ ಅವನು ದನಿ ತೆಗೆದರೆ ಉಳಿದವರು ಸೊಲ್ಲು ಕೂಡಿಸುತ್ತಿದ್ದರು. ಅವನ ಹಾಡು ಕೆಲಸದ ಒಂದು ಅಂಗ. ಅವನ ರೂಪ ಹೇಗಿತ್ತೆಂದು ಯಾರೂ ಕೇಳಲಿಲ್ಲ. ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಬಂದು 1930ರ ದಶಕದಲ್ಲಿ ಕೊಲ್ಲಿಯ ಮುತ್ತಿನ ವ್ಯಾಪಾರ ಕುಸಿದಾಗ ಆ ದೋಣಿಗಳು ದಡ ಸೇರಿದವು. ಆದರೂ ಆ ಕಡಲ ಹಾಡುಗಳನ್ನು ಇಂದಿಗೂ ಕತಾರಾದ ಧೋ ಉತ್ಸವದಲ್ಲಿ ಕೇಳಬಹುದು. ಹಾಡಿದವರ ಮುಖಗಳು ಉಳಿದಿಲ್ಲ, ಹಾಡು ಉಳಿದಿದೆ.

ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಇನ್ನೊಂದು ಬಗೆಯ ಏರ್ಪಾಡಿದೆ. ಅಲ್ಲಿ ದನಿ ಒಬ್ಬರದು, ಮುಖ ಇನ್ನೊಬ್ಬರದು. ಭಾಗವತರು ತಾಳ ಹಿಡಿದು ಪದ ಹೇಳುತ್ತಾರೆ, ವೇಷಧಾರಿ ಬಣ್ಣ ಬಳಿದು ಕಿರೀಟ ಕಟ್ಟಿ ಕುಣಿಯುತ್ತಾನೆ. ಆದರೆ ಭಾಗವತರು ಪರದೆಯ ಹಿಂದಿಲ್ಲ. ರಂಗದ ಮೇಲೆಯೇ, ಎಲ್ಲರ ಕಣ್ಣೆದುರೇ ಕುಳಿತಿರುತ್ತಾರೆ. ಅವರನ್ನು ‘ಒಂದನೇ ವೇಷ’ ಎಂದೇ ಕರೆಯುವುದುಂಟು. ಬಣ್ಣ ಹಚ್ಚದವರಿಗೆ ಮೊದಲ ವೇಷದ ಮರ್ಯಾದೆ! ಮೇಳದ ಕರಪತ್ರದಲ್ಲೂ ಹಿಮ್ಮೇಳದ ಹೆಸರುಗಳಿಗೆ, ಅದರಲ್ಲೂ ಭಾಗವತರ ಹೆಸರಿಗೆ, ಮೊದಲ ಜಾಗ. ದನಿ ಮತ್ತು ಮುಖ ಬೇರೆಯಾದರೂ ದನಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಕಂಪನಿ ನಾಟಕಗಳಲ್ಲಿ ಹಾಗಿರಲಿಲ್ಲ. ಅಲ್ಲಿ ನಟನೇ ಗಾಯಕ. ಗುಬ್ಬಿ ವೀರಣ್ಣನವರಂಥವರ ಕಂಪನಿಗಳಲ್ಲಿ ಹಾಡಲು ಬಾರದವನಿಗೆ ದೊಡ್ಡ ಪಾತ್ರ ಸಿಗುವುದು ಕಷ್ಟವಿತ್ತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಹಾಡಬೇಕಿತ್ತು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಇವರೆಲ್ಲ ರಂಗಭೂಮಿಯಿಂದ ಬಂದವರು. ಮುಖ ಮತ್ತು ದನಿ ಆಗಿನ್ನೂ ಒಂದೇ ಮೈಯಲ್ಲಿದ್ದವು.

ಎರವಲು ದನಿ

ಅವೆರಡನ್ನೂ ಬೇರೆ ಮಾಡಿದ್ದು ಹಿನ್ನೆಲೆ ಗಾಯನ. ಹಿಂದಿಯ ‘ಧೂಪ್ ಛಾಂವ್’ (1935) ಕಾಲದಿಂದ ಹಾಡನ್ನು ಮೊದಲೇ ಮುದ್ರಿಸಿ, ಚಿತ್ರೀಕರಣದಲ್ಲಿ ನಟರು ತುಟಿ ಆಡಿಸುವ ಪದ್ಧತಿ ಬಂತು. ಇದರ ಎರಡೂ ಬದಿಯನ್ನು ಕಂಡ ಕನ್ನಡತಿ ಅಮೀರ್‌ಬಾಯಿ ಕರ್ನಾಟಕಿ. ಬಿಜಾಪುರ ಜಿಲ್ಲೆಯ ಬೀಳಗಿಯಿಂದ ಮುಂಬಯಿಗೆ ಹೋದ ಈಕೆ ನಟಿಯೂ ಹೌದು, ಗಾಯಕಿಯೂ ಹೌದು. 1943ರ ‘ಕಿಸ್ಮತ್’ನಲ್ಲಿ ತೆರೆಯ ಮೇಲಿನ ಮುಖ ಮುಮ್ತಾಜ್ ಶಾಂತಿಯವರದು, ದನಿ ಅಮೀರ್‌ಬಾಯಿಯದು. ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಆ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ಬೀಳಗಿಯ ದನಿ ದೇಶವೆಲ್ಲ ಮೊಳಗಿತು, ಇನ್ನೊಬ್ಬರ ಮುಖದ ಮೂಲಕ.

ಆ ಕಾಲದಲ್ಲಿ ಹಾಡಿದವರ ಹೆಸರಿಗೂ ಖಾತ್ರಿಯಿರಲಿಲ್ಲ. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ರೆಕಾರ್ಡು ಹೊರಬಂದಾಗ ಗಾಯಕಿಯ ಹೆಸರಿನ ಜಾಗದಲ್ಲಿ ಅಚ್ಚಾದದ್ದು ಪಾತ್ರದ ಹೆಸರು ‘ಕಾಮಿನಿ’. ಹಾಡಿದವರು ಲತಾ ಮಂಗೇಶ್ಕರ್. ಗಾಯಕರಿಗೆ ಪ್ರತ್ಯೇಕ ಪ್ರಶಸ್ತಿ ಬೇಕೆಂದು ಲತಾ ಪಟ್ಟು ಹಿಡಿದ ನಂತರವೇ, 1959ರಿಂದ, ಫಿಲ್ಮ್‌ಫೇರ್ ಹಿನ್ನೆಲೆ ಗಾಯನಕ್ಕೆ ಬಹುಮಾನ ಕೊಡತೊಡಗಿತು.

ಇಲ್ಲಿ ಪಶ್ಚಿಮದ ಒಂದು ಪ್ರಸಂಗವನ್ನು ಹೋಲಿಸಿ ನೋಡಬಹುದು. 1990ರ ಫೆಬ್ರವರಿಯಲ್ಲಿ ‘ಮಿಲ್ಲಿ ವನಿಲ್ಲಿ’ ಎಂಬ ಜೋಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಕುಣಿದು ಮೆರೆದ ಆ ಇಬ್ಬರು ಯುವಕರು ಆಲ್ಬಮ್ಮಿನಲ್ಲಿ ಹಾಡಿಯೇ ಇರಲಿಲ್ಲ. ಜರ್ಮನಿಯ ನಿರ್ಮಾಪಕ ಫ್ರಾಂಕ್ ಫಾರಿಯನ್ ಬೇರೆಯವರಿಂದ ಹಾಡಿಸಿ ಇವರ ಮುಖ ಇಟ್ಟಿದ್ದ. ಸತ್ಯ ಹೊರಬಿದ್ದ ಮೇಲೆ ಅದೇ ನವೆಂಬರ್‌ನಲ್ಲಿ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. ಅಲ್ಲಿ ಹಗರಣವಾದ ಕೆಲಸ ನಮ್ಮಲ್ಲಿ ಅದಾಗಲೇ ಅರ್ಧ ಶತಮಾನದಿಂದ ಗೌರವದ ಕಸುಬಾಗಿತ್ತು. ವ್ಯತ್ಯಾಸ ಒಂದೇ: ನಮ್ಮಲ್ಲಿ ಯಾರು ಹಾಡಿದರೆಂಬುದು ಗುಟ್ಟಾಗಿ ಉಳಿಯಲಿಲ್ಲ. ಎರವಲು ದನಿಯಲ್ಲಿ ಮೋಸವಿಲ್ಲ, ಎರವಲನ್ನು ಮುಚ್ಚಿಡುವುದರಲ್ಲಿ ಮೋಸವಿದೆ.

ಶರೀರ ಮತ್ತು ಶಾರೀರ

ಕನ್ನಡ ಚಿತ್ರರಂಗದಲ್ಲಿ ಈ ಕವಲುದಾರಿ 1954–55ರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1955ರ ‘ಮಹಾಕವಿ ಕಾಳಿದಾಸ’ದಲ್ಲಿ ಹೊನ್ನಪ್ಪ ಭಾಗವತರ್ ನಾಯಕರೂ ಆಗಿದ್ದರು, ಗಾಯಕರೂ ಆಗಿದ್ದರು. ಅದಕ್ಕೂ ಒಂದು ವರ್ಷ ಮೊದಲು ಬಂದ ‘ಬೇಡರ ಕಣ್ಣಪ್ಪ’ದಲ್ಲಿ ಹೊಸ ನಾಯಕನ ತುಟಿಗೆ ದನಿ ಕೊಟ್ಟವರು ತಮಿಳಿನ ಸಿ. ಎಸ್. ಜಯರಾಮನ್. ಆ ಹೊಸ ನಾಯಕ ಗಾಜನೂರಿನ ಮುತ್ತುರಾಜ, ನಮ್ಮೆಲ್ಲರ ಡಾ. ರಾಜ್‌ಕುಮಾರ್. ಸೋಜಿಗವೆಂದರೆ ತಂದೆಯ ಜೊತೆ ಗುಬ್ಬಿ ಕಂಪನಿಯಲ್ಲಿ ಬೆಳೆದ ರಾಜ್ ಅವರಿಗೆ ಹಾಡುವುದು ಹೊಸದಾಗಿರಲಿಲ್ಲ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ಒಂದು ಯುಗಳ ಗೀತೆ ಹಾಡಿಯೂ ಇದ್ದರು. ಆದರೂ ಮೊದಲ ಎರಡು ದಶಕ ಅವರ ಹಾಡಿನ ದನಿ ಮುಖ್ಯವಾಗಿ ಪಿ. ಬಿ. ಶ್ರೀನಿವಾಸ್ ಅವರದು.

ಪಿ.ಬಿ.ಎಸ್. ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ (1930), ಬದುಕಿದ್ದು ಚೆನ್ನೈಯಲ್ಲಿ. ಹಲವು ಭಾಷೆಗಳಲ್ಲಿ ಪದ್ಯ ಬರೆಯುತ್ತಿದ್ದ ಕವಿ. ತಲೆಗೆ ಜರಿಪೇಟ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು. ಒಮ್ಮೆ ಕಂಡರೆ ಮರೆಯಲಾಗದ ರೂಪ. ಆದರೆ ‘ಭಕ್ತ ಕನಕದಾಸ’ (1960), ‘ಬಂಗಾರದ ಮನುಷ್ಯ’ (1972), ‘ಗಂಧದ ಗುಡಿ’ (1973) ಚಿತ್ರಗಳ ಹಾಡು ಕೇಳಿದಾಗ ಕನ್ನಡಿಗರ ಕಣ್ಮುಂದೆ ಬಂದದ್ದು ಆ ರೂಪವಲ್ಲ. ಕನಕನ ಕೀರ್ತನೆ ಕೇಳಿದರೂ ಕಂಡದ್ದು ರಾಜ್ ಮುಖವೇ. ತಾನು ಶರೀರ, ಪಿ.ಬಿ.ಎಸ್. ಶಾರೀರ ಎಂಬ ರಾಜ್ ಅವರ ಮಾತು ನಾಡಿನ ಗಾದೆಯಂತಾಯಿತು. ವಿನಯದಿಂದ ಬಂದ ಆ ಮಾತಿನಲ್ಲಿ ಈ ಲೇಖನದ ಪ್ರಶ್ನೆ ಪೂರ್ತಿಯಾಗಿ ಅಡಗಿದೆ.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಪಿ. ಬಿ. ಧುತ್ತರಗಿಯವರ ಕಂಪನಿ ನಾಟಕವನ್ನು ಆಧರಿಸಿದ ಚಿತ್ರ. ಎಮ್ಮೆಯ ಮೇಲೆ ಕುಳಿತು ನಾಯಕ ಹಾಡುವ ಹಾಡನ್ನು ಜಿ. ಕೆ. ವೆಂಕಟೇಶ್ ಸ್ವತಃ ರಾಜ್ ಅವರಿಂದಲೇ ಹಾಡಿಸಿದರು. ಹಾಡು ಊರೂರಲ್ಲಿ ಮೊಳಗಿತು. ಕಂಪನಿ ನಾಟಕದಲ್ಲಿ ಒಂದಾಗಿದ್ದ ಮುಖ ಮತ್ತು ದನಿ, ಇಪ್ಪತ್ತು ವರ್ಷ ಅಗಲಿದ್ದು, ಮತ್ತೊಂದು ಕಂಪನಿ ನಾಟಕದ ಕತೆಯಲ್ಲೇ ಮತ್ತೆ ಕೂಡಿದವು. ಆಮೇಲೆ ರಾಜ್ ಚಿತ್ರಗಳಲ್ಲಿ ರಾಜ್ ಅವರೇ ಹಾಡುವುದು ರೂಢಿಯಾಯಿತು, ಪಿ.ಬಿ.ಎಸ್. ಅವರಿಗೆ ಅಲ್ಲಿದ್ದ ಜಾಗ ಕಿರಿದಾಯಿತು.

ಜನ ಒಪ್ಪಿದ್ದು ನಾಯಕನ ವರ್ಚಸ್ಸಿಗೋ, ಹಾಡಿಗೋ? ಎರಡಕ್ಕೂ ಎನ್ನುವುದು ನ್ಯಾಯ. ನೆಚ್ಚಿನ ನಾಯಕ ಹಾಡಿದ್ದರಿಂದ ಕಿವಿಗೊಟ್ಟವರು ಬಹಳ. ಆದರೆ ವರ್ಚಸ್ಸು ಒಂದು ಹಾಡನ್ನು ಗೆಲ್ಲಿಸಬಹುದು, ಮೂವತ್ತು ವರ್ಷ ಗೆಲ್ಲಿಸಲಾರದು. ‘ಜೀವನ ಚೈತ್ರ’ (1992) ಚಿತ್ರದ ಗಾಯನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಶಾಸ್ತ್ರೀಯ ರಾಗದಲ್ಲಿ ಪಳಗದ ಗಂಟಲಿನಿಂದ ಅಂಥ ಹಾಡು ಹೊರಡುವುದಿಲ್ಲ.

ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರು ಶಿವಮೊಗ್ಗ ಸುಬ್ಬಣ್ಣ. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರಕ್ಕೆ, 1978ರ ಸಾಲಿನಲ್ಲಿ. ವೃತ್ತಿಯಿಂದ ವಕೀಲರಾಗಿದ್ದ ಸುಬ್ಬಣ್ಣನವರಿಗೆ ಸಿನಿಮಾದ ಇಮೇಜೇ ಇರಲಿಲ್ಲ. ಒಂದೇ ಗೌರವ ನಾಡಿನ ಅತಿದೊಡ್ಡ ತಾರೆಗೂ ಬಂತು, ಕರಿ ಕೋಟಿನ ವಕೀಲರಿಗೂ ಬಂತು. ತೀರ್ಪು ಕೊಟ್ಟದ್ದು ಕಿವಿ.

ನಾಯಕನಿಗೆ ದೊರೆತ ಈ ಅವಕಾಶ ನಾಯಕಿಯರಿಗೆ ದೊರೆಯಲಿಲ್ಲ ಎಂಬುದನ್ನೂ ಹೇಳಬೇಕು. ಕನ್ನಡದ ನಾಯಕಿಯರ ಹಾಡುಗಳು ಎಸ್. ಜಾನಕಿ, ಪಿ. ಸುಶೀಲಾ, ವಾಣಿ ಜಯರಾಂ ಅವರ ದನಿಯಲ್ಲೇ ಉಳಿದವು. ಹೆಣ್ಣಿನ ಮುಖ ಮತ್ತು ಹೆಣ್ಣಿನ ದನಿಯನ್ನು ಒಂದುಗೂಡಿಸುವ ಅಗತ್ಯ ಚಿತ್ರರಂಗಕ್ಕೆ ಕಾಣಲಿಲ್ಲ.

ಮುಖವಿಲ್ಲದ ಕ್ಯಾಸೆಟ್ಟು

ಕೊಲ್ಲಿಯ ಕನ್ನಡಿಗರಿಗೆ ಈ ಕತೆಯ ಮುಂದಿನ ಅಧ್ಯಾಯ ಚೆನ್ನಾಗಿ ಗೊತ್ತು. ಎಪ್ಪತ್ತು ಎಂಬತ್ತರ ದಶಕದಲ್ಲಿ ಕೊಲ್ಲಿಯಿಂದ ಊರಿಗೆ ಹೋಗುವವರ ಸಾಮಾನಿನಲ್ಲಿ ಟೂ-ಇನ್-ಒನ್ ಇರಲೇಬೇಕಿತ್ತು. ಮರಳಿ ಬರುವಾಗ ಉಪ್ಪಿನಕಾಯಿ, ಹಪ್ಪಳಗಳ ಜೊತೆ ಕನ್ನಡದ ಕ್ಯಾಸೆಟ್ಟುಗಳು ಬರುತ್ತಿದ್ದವು. ಫೋನು ದುಬಾರಿಯಾಗಿದ್ದ ಆ ಕಾಲದಲ್ಲಿ ಕಾಗದದ ಬದಲು ದನಿಯನ್ನೇ ಕ್ಯಾಸೆಟ್ಟಿಗೆ ತುಂಬಿ ಮನೆಯವರಿಗೆ ಕಳಿಸಿದವರೂ ಉಂಟು. ನಮ್ಮ ಹಿರಿಯ ಸದಸ್ಯರ ತಲೆಮಾರಿಗೆ ಊರು ಎಂದರೆ ಮೊದಲು ಕಿವಿಗೆ ಬೀಳುತ್ತಿದ್ದ ಒಂದು ದನಿ.

ಆ ಕ್ಯಾಸೆಟ್ಟುಗಳಲ್ಲಿ ಮುಖವಿರಲಿಲ್ಲ. ಹೆಚ್ಚೆಂದರೆ ಹೊದಿಕೆಯ ಮೇಲೊಂದು ಅಂಚೆಚೀಟಿಯಷ್ಟು ಚಿತ್ರ. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಯ ಧ್ವನಿಸುರುಳಿಗಳಿಗೆ ದಾರಿ ಮಾಡಿತು. ಕವಿತೆ ಕೆ. ಎಸ್. ನಿಸಾರ್ ಅಹಮದ್ ಅವರದು, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಮುಂದೆ ಸಿ. ಅಶ್ವತ್ಥ್ ಅವರ ಸಂಯೋಜನೆಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಬಂತು, ಶಿಶುನಾಳ ಶರೀಫರ ತತ್ವಪದಗಳು ಬಂದವು. ಇವರಿಗೂ ಮೊದಲು ಆರೂರಿನ ಪಿ. ಕಾಳಿಂಗರಾಯರು (1914–1981) ಬೇಂದ್ರೆ, ಕುವೆಂಪು ಅವರ ಕವಿತೆಗಳನ್ನು ಹಾಡಿ ಈ ಹಾದಿಯನ್ನು ಹದಮಾಡಿದ್ದರು. ಐಟಿಐ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದ ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನ ತುಂಬಿ ತುಳುಕಿತು. ತಾರೆಯಿಲ್ಲದೆ, ಕವಿತೆಗಾಗಿ ಸೇರಿದ ಜನಸಾಗರ ಅದು.

ಕರಾವಳಿಯವರ ಮನೆಗಳಲ್ಲಿ ಇನ್ನೊಂದು ಕ್ಯಾಸೆಟ್ಟಿಗೂ ಜಾಗವಿತ್ತು. ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರದು. ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದಾಗಲೇ, 1990ರಲ್ಲಿ, ಅಪಘಾತದಲ್ಲಿ ತೀರಿಕೊಂಡ ನಾವಡರನ್ನು ರಂಗದ ಮೇಲೆ ಒಮ್ಮೆಯೂ ನೋಡದವರು ಇಂದಿಗೂ ಅವರ ಪದ ಕೇಳಿ ತಲೆದೂಗುತ್ತಾರೆ. ಮುಖ ಹೋಗಿ ಮೂರು ದಶಕ ದಾಟಿದರೂ ದನಿಗೆ ವಯಸ್ಸಾಗಿಲ್ಲ.

ಹಾಡೇ ಮುಖವನ್ನು ಮಾಡಿದಾಗ

ವರ್ಚಸ್ಸು ಹಾಡನ್ನು ಎತ್ತಿದಂತೆ ಹಾಡು ವರ್ಚಸ್ಸನ್ನು ಹುಟ್ಟಿಸಿದ್ದೂ ಉಂಟು. 2006ರ ಡಿಸೆಂಬರ್ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದಾಗ ಗಣೇಶ್ ಟಿವಿಯ ಹಾಸ್ಯ ಕಾರ್ಯಕ್ರಮದಿಂದ ಬಂದ ಹೊಸ ಮುಖ. ಜಯಂತ ಕಾಯ್ಕಿಣಿಯವರ ಸಾಲು, ಹೊರನಾಡ ಕನ್ನಡಿಗರೇ ಆದ ಕ್ಯಾಲಿಫೋರ್ನಿಯಾದ ಮನೋಮೂರ್ತಿಯವರ ರಾಗ, ಕನ್ನಡದವರಲ್ಲದ ಸೋನು ನಿಗಮ್ ದನಿ, ಇವೆಲ್ಲ ಸೇರಿ ಆ ಮುಖಕ್ಕೆ ತಾರೆಯ ಪಟ್ಟ ಕಟ್ಟುವಲ್ಲಿ ದೊಡ್ಡ ಪಾಲು ವಹಿಸಿದವು.

ಟಿವಿ ಸ್ಪರ್ಧೆಗಳ ಕಾಲದಲ್ಲಿ ಈ ಲೆಕ್ಕ ಇನ್ನಷ್ಟು ತೊಡಕಾಗಿದೆ. ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ 2019ರಲ್ಲಿ ‘ಸರಿಗಮಪ’ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದರು. ಜನ ಮೆಚ್ಚಿದ್ದು ಅವರ ಜಾನಪದ ದನಿಯನ್ನು, ಜೊತೆಗೆ ಕುರಿಗಾಹಿಯ ಮುಗ್ಧತೆ ಮತ್ತು ಲುಂಗಿಯನ್ನೂ. 2025ರ ಜನವರಿಯಲ್ಲಿ ಅವರೇ ‘ಬಿಗ್ ಬಾಸ್’ ಗೆದ್ದರು. ಅಲ್ಲಿ ತೂಗಿದ್ದು ಹಾಡಲ್ಲ, ವ್ಯಕ್ತಿತ್ವ. ಹಳ್ಳಿಯ ಸರಳತೆಯೂ ಟಿವಿಯಲ್ಲಿ ಒಂದು ಇಮೇಜು ಆಗುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಅದರಲ್ಲಿ ತಪ್ಪಿಲ್ಲ. ಆ ಇಮೇಜಿನಿಂದಾಗಿ ಜಾನಪದ ಹಾಡು ನಗರದ ಮನೆಗಳಿಗೂ ದೋಹಾದ ಫ್ಲ್ಯಾಟುಗಳಿಗೂ ಬಂತು.

ಎರಡೂವರೆ ನಿಮಿಷ

ಕೊನೆಗೆ, ನಮ್ಮ ಪ್ರತಿ ಸಭೆಯ ಆರಂಭದಲ್ಲಿ ನಾವೆಲ್ಲ ಎದ್ದು ನಿಂತು ಹಾಡುವ ಹಾಡನ್ನೇ ತೆಗೆದುಕೊಳ್ಳೋಣ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಯಾವ ಧಾಟಿಯಲ್ಲಿ ಹಾಡಬೇಕು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ, ಅಶ್ವತ್ಥ್ ಅವರದೋ? 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಆದೇಶಿಸಿತು. ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆ ಹೊತ್ತಿಗೆ ಅನಂತಸ್ವಾಮಿಯವರು ತೀರಿ (1995) ಇಪ್ಪತ್ತೇಳು ವರ್ಷ, ಅಶ್ವತ್ಥ್ ತೀರಿ (2009) ಹನ್ನೆರಡು ವರ್ಷ ಕಳೆದಿತ್ತು. ಇಬ್ಬರೂ ಸಿನಿಮಾ ತಾರೆಯರಲ್ಲ. ಆದರೂ ಒಂದು ನಾಡು ಅವರ ಸ್ವರಗಳಿಗಾಗಿ ಜಗಳವಾಡಿತು. ಸಂಗೀತ ಮುಖ್ಯವಲ್ಲದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಇಷ್ಟು ಚರಿತ್ರೆಯಿಂದ ತಿಳಿಯುವುದೇನು? ವರ್ಚಸ್ಸು ಹಾಡನ್ನು ಜನರ ಬಳಿಗೆ ಒಯ್ಯುತ್ತದೆ. ಅದನ್ನು ಕೀಳಾಗಿ ಕಾಣಬೇಕಿಲ್ಲ. ರಾಜ್ ಅವರ ಮುಖವಿಲ್ಲದಿದ್ದರೆ ಕನಕದಾಸರ ಕೀರ್ತನೆ ಎಷ್ಟೋ ಹಳ್ಳಿಗಳ ಟೆಂಟ್ ಸಿನಿಮಾ ತಲುಪುತ್ತಿರಲಿಲ್ಲ, ಜಂಗ್‌ಕುಕ್ ಇಲ್ಲದಿದ್ದರೆ ಅಲ್ ಕುಬೈಸಿಯವರ ಅರಬ್ಬಿ ದನಿ ನಮ್ಮ ಮಕ್ಕಳ ಕಿವಿಗೆ ಬೀಳುತ್ತಿರಲಿಲ್ಲ. ಆದರೆ ಮುಖ ಒಂದು ತಲೆಮಾರಿನದು. ತಲೆಮಾರು ದಾಟಿಸುವುದು ಸ್ವರ ಮತ್ತು ಸಾಹಿತ್ಯ. ನಾವು ಹೊರನಾಡಿನಲ್ಲಿ ಮಕ್ಕಳಿಗೆ ಕೊಡಲು ಬಯಸುವುದೂ ತಲೆಮಾರು ದಾಟುವ ಆ ವಸ್ತುವನ್ನೇ.

ಹಾಗಾದರೆ ನಟರನ್ನು ಕರೆಸುವುದೋ, ಗಾಯಕರನ್ನೋ? ಯಕ್ಷಗಾನದ ಕರಪತ್ರ ಒಂದು ದಾರಿ ತೋರಿಸುತ್ತದೆ. ಯಾರನ್ನು ಬೇಕಾದರೂ ಕರೆಸೋಣ, ಆದರೆ ಹಿಮ್ಮೇಳದ ಹೆಸರನ್ನು ಮೊದಲು ಹಾಕೋಣ. ನಮ್ಮ ವೇದಿಕೆಯಲ್ಲಿ ಹಾಡುವ ಪ್ರತಿ ಹಾಡಿಗೂ ಕವಿ, ಸಂಯೋಜಕರು, ಮೊದಲು ಹಾಡಿದವರು ಯಾರೆಂದು ನಿರೂಪಕರು ಹೇಳಲಿ, ಕಾರ್ಯಕ್ರಮ ಪಟ್ಟಿಯಲ್ಲೂ ಅಚ್ಚಾಗಲಿ. ಕರೋಕೆ ಟ್ರ್ಯಾಕಿಗೆ ಹಾಡುವ ಮಗುವಿಗೆ ‘ಇದು ರಾಜ್‌ಕುಮಾರ್ ಹಾಡು’ ಎಂದಷ್ಟೇ ಹೇಳಿ ಬಿಡದೆ, ‘ಹಾಡಿದವರು ಪಿ. ಬಿ. ಶ್ರೀನಿವಾಸ್, ಬರೆದವರು ಇಂಥವರು’ ಎಂದು ಕಲಿಸೋಣ. ಇದಕ್ಕೆ ಒಂದು ರಿಯಾಲೂ ಖರ್ಚಿಲ್ಲ.